ಜಲ್ಲಿ ಪಾತಿಯಲ್ಲಿ ಬಿಒಡಿ ಇಳಿದಿದೆ, ಅಮೋನಿಯ ಇಳಿಯುತ್ತಿಲ್ಲ: ಸೂಕ್ಷ್ಮಾಣುಗಳ ಪುಡಿ ಕೊಳ್ಳಬೇಕೇ?

ಪ್ರಶ್ನೆ: ವಸತಿ ಶಾಲೆಯ ಉಸ್ತುವಾರಿ, ತುಮಕೂರು ಜಿಲ್ಲೆ

ಎಲ್ಲರಿಗೂ ನಮಸ್ಕಾರ. ನಮ್ಮ ಶಾಲೆಯಲ್ಲಿ ಮಕ್ಕಳು, ಶಿಕ್ಷಕರು, ಅಡುಗೆಯವರು ಎಲ್ಲ ಸೇರಿ 200 ಮಂದಿ ಇದ್ದೇವೆ. ದಿನಕ್ಕೆ ಸುಮಾರು 15,000 ಲೀಟರ್ ಬಳಸಿದ ನೀರು ಹೊರಬೀಳುತ್ತದೆ. ಎರಡು ವರ್ಷಗಳ ಹಿಂದೆ ಸೆಪ್ಟಿಕ್ ಟ್ಯಾಂಕಿನ ಮುಂದೆ 12 ಮೀಟರ್ ಉದ್ದ, 6 ಮೀಟರ್ ಅಗಲ, 60 ಸೆಂಟಿಮೀಟರ್ ಆಳದ ಪಾತಿ ತೋಡಿಸಿ, ತಳಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿ, ಜಲ್ಲಿ ತುಂಬಿಸಿ, ಕಾಬಾಳೆ ಮತ್ತು ಜೊಂಡು ನೆಡಿಸಿದೆವು. ನೀರು ಒಂದು ತುದಿಯಿಂದ ಒಳಬಂದು, ಜಲ್ಲಿಯ ನಡುವೆ ಅಡ್ಡಡ್ಡ ಹರಿದು, ಇನ್ನೊಂದು ತುದಿಯಲ್ಲಿ ಹೊರಗೆ ಹೋಗುತ್ತದೆ. ಆ ನೀರನ್ನು ತೆಂಗಿನ ಮರಗಳಿಗೆ ಬಿಡುತ್ತಿದ್ದೇವೆ.

ಗಿಡಗಳು ಆಳೆತ್ತರ ಬೆಳೆದಿವೆ, ಹೊರಬರುವ ನೀರು ಕಣ್ಣಿಗೆ ತಿಳಿಯಾಗಿಯೇ ಕಾಣುತ್ತದೆ. ಆದರೆ ಕಳೆದ ತಿಂಗಳ ಪ್ರಯೋಗಾಲಯದ ವರದಿ ನಮ್ಮನ್ನು ಗೊಂದಲಕ್ಕೆ ತಳ್ಳಿದೆ. ಬಿಒಡಿ, ಅಂದರೆ ನೀರಿನಲ್ಲಿರುವ ಕೊಳೆಯನ್ನು ತಿನ್ನಲು ಸೂಕ್ಷ್ಮಾಣುಗಳಿಗೆ ಬೇಕಾಗುವ ಆಮ್ಲಜನಕದ ಅಳತೆ, ಲೀಟರಿಗೆ 150 ಮಿಲಿಗ್ರಾಂನಿಂದ 35ಕ್ಕೆ ಇಳಿದಿದೆ. ಅಮೋನಿಯ ರೂಪದ ಸಾರಜನಕ ಮಾತ್ರ 40 ಇದ್ದದ್ದು 36ಕ್ಕೆ ನಿಂತಿದೆ. ನೈಟ್ರೇಟ್ ಒಳಬರುವಾಗಲೂ ಹೊರಹೋಗುವಾಗಲೂ 1ಕ್ಕಿಂತ ಕಡಿಮೆ ಇದೆ, ಅದೊಂದೇ ಸಮಾಧಾನ. ಸಂಜೆಯ ಹೊತ್ತಿಗೆ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ, ನೀರು ಒಳಬರುವ ತುದಿಯಲ್ಲಿ ಜಲ್ಲಿಯ ಮೇಲೆಯೇ ನೀರು ನಿಲ್ಲಲು ಶುರುವಾಗಿದೆ.

ಒಬ್ಬ ಮಾರಾಟಗಾರರು ಬಂದು, ಪಾತಿಯಲ್ಲಿ ಸೂಕ್ಷ್ಮಾಣುಗಳು ಸತ್ತಿವೆ, ಪ್ರತಿ ತಿಂಗಳೂ ಬ್ಯಾಕ್ಟೀರಿಯಾ ಪುಡಿ ಹಾಕಬೇಕು ಎಂದು ಹೇಳಿದರು. ಆಡಳಿತ ಸಮಿತಿಯ ಹಿರಿಯರೊಬ್ಬರು ಇನ್ನಷ್ಟು ಗಿಡ ನೆಟ್ಟರೆ ಸಾಕು ಎನ್ನುತ್ತಾರೆ. ಇಂಥ ಪಾತಿಯಲ್ಲಿ ಸೂಕ್ಷ್ಮಾಣುಗಳು ನಿಜವಾಗಿ ಮಾಡುವ ಕೆಲಸವೇನು, ನಮ್ಮಲ್ಲಿ ತಪ್ಪಿರುವುದು ಎಲ್ಲಿ ಎಂದು ಬಲ್ಲವರು ತಿಳಿಸಿಕೊಡಬೇಕೆಂದು ಕೋರುತ್ತೇನೆ.

ಉತ್ತರ: ಪರಿಸರ ಇಂಜಿನಿಯರಿಂಗ್ ಅಧ್ಯಾಪಕಿ, ಮೈಸೂರು

ದಯವಿಟ್ಟು ಆ ಪುಡಿಯನ್ನು ಕೊಳ್ಳಬೇಡಿ. ಈ ಕೆಲಸಕ್ಕೆ ಬೇಕಾದ ಬ್ಯಾಕ್ಟೀರಿಯಾಗಳು ಕೊಳಚೆ ನೀರಿನ ಜೊತೆಯಲ್ಲಿ, ಗಿಡದ ಬೇರಿಗೆ ಅಂಟಿಕೊಂಡ ಮಣ್ಣಿನಲ್ಲಿ, ಗಾಳಿಯ ದೂಳಿನಲ್ಲಿ ಬಂದು ಎರಡು ವರ್ಷಗಳಿಂದ ತಮ್ಮ ಪಾತಿಯಲ್ಲಿ ನೆಲೆಸಿವೆ. ಬಿಒಡಿ 150ರಿಂದ 35ಕ್ಕೆ ಇಳಿದಿರುವುದೇ ಅವು ಬದುಕಿವೆ ಎನ್ನುವುದಕ್ಕೆ ಸಾಕ್ಷಿ. ತಮ್ಮ ಪಾತಿಯಲ್ಲಿ ಕೊರತೆ ಇರುವುದು ಗಾಳಿಗೆ. ಪೊಟ್ಟಣದಿಂದ ಸುರಿದ ಜೀವಿಗಳೂ ಆ ಗಾಳಿಯಿಲ್ಲದ ಜಾಗದಲ್ಲಿಯೇ ಬಾಳಬೇಕು. ಅಲ್ಲಿ ಹಳಬರಿಗೆ ಆಗದ ಕೆಲಸ ಹೊಸಬರಿಗೂ ಆಗದು.

ಪಾತಿಯಿಂದ ಒಂದು ಕಲ್ಲನ್ನು ತೆಗೆದು ಬೆರಳಿನಿಂದ ಉಜ್ಜಿ ನೋಡಿ, ಜಾರುವ ತೆಳು ಲೋಳೆ ಸಿಗುತ್ತದೆ. ನೀರನ್ನು ಶುದ್ಧ ಮಾಡುವ ಯಂತ್ರವೆಂದರೆ ಆ ಲೋಳೆಯೇ. ಸೂಕ್ಷ್ಮಾಣುಗಳು ತಾವೇ ಸ್ರವಿಸಿದ ಅಂಟಿನಲ್ಲಿ ಗುಂಪುಗುಂಪಾಗಿ ಕುಳಿತು, ಹರಿದುಹೋಗುವ ನೀರಿನಲ್ಲಿರುವ ಕೊಳೆಯನ್ನು ಹಿಡಿದು ತಿನ್ನುತ್ತವೆ. ಸಕ್ಕರೆ, ಕೊಬ್ಬು, ಪ್ರೋಟೀನುಗಳನ್ನು ತಿನ್ನುವ ಜೀವಿಗಳು ಬಹಳ ವೇಗವಾಗಿ ಬೆಳೆಯುತ್ತವೆ, ಆಮ್ಲಜನಕ ಸಿಕ್ಕರೆ ಅದನ್ನು ಮೊದಲು ಬಾಚಿಕೊಳ್ಳುತ್ತವೆ, ಸಿಗದಿದ್ದರೆ ಅದಿಲ್ಲದೆಯೂ ನಿಧಾನವಾಗಿ ಕೆಲಸ ಸಾಗಿಸುತ್ತವೆ. ಆದ್ದರಿಂದಲೇ ತಮ್ಮಲ್ಲಿ ಬಿಒಡಿ ಇಳಿದಿದೆ. ಇದೇ ಹಂತದಲ್ಲಿ ಪ್ರೋಟೀನು ಮತ್ತು ಯೂರಿಯಾದಲ್ಲಿದ್ದ ಸಾರಜನಕವು ಅಮೋನಿಯವಾಗಿ ಬಿಡುಗಡೆಯಾಗುತ್ತದೆ.

ಅಮೋನಿಯವನ್ನು ಹೊರಹಾಕುವ ಕೆಲಸ ಬೇರೆಯೇ ಬಗೆಯ ಜೀವಿಗಳದು. ನೈಟ್ರೊಸೊಮೊನಾಸ್ ಮತ್ತು ಅದರ ಬಳಗ ಅಮೋನಿಯವನ್ನು ನೈಟ್ರೈಟ್ ಮಾಡುತ್ತವೆ, ನೈಟ್ರೊಬ್ಯಾಕ್ಟರ್ ಮತ್ತು ನೈಟ್ರೊಸ್ಪೈರಾಗಳು ಅದನ್ನು ನೈಟ್ರೇಟ್ ಮಾಡುತ್ತವೆ. ಈ ಕೆಲಸಕ್ಕೆ ನೈಟ್ರೀಕರಣ ಎಂದೂ, ಅದನ್ನು ಮಾಡುವ ಜೀವಿಗಳಿಗೆ ನೈಟ್ರೀಕಾರಕಗಳು ಎಂದೂ ಹೆಸರು. ಸೂಕ್ಷ್ಮಾಣು ವಿಜ್ಞಾನಿ ವಿನೊಗ್ರಾಡ್‌ಸ್ಕಿ 1890ರ ಸುಮಾರಿಗೆ ಮಣ್ಣಿನಿಂದ ಇವುಗಳನ್ನು ಬೇರ್ಪಡಿಸಿದಾಗಿನಿಂದ ನೂರು ವರ್ಷಕ್ಕೂ ಹೆಚ್ಚು ಕಾಲ ಇದು ಇಬ್ಬರು ಹಂಚಿಕೊಂಡು ಮಾಡುವ ಕೆಲಸವೆಂದೇ ಎಲ್ಲರೂ ನಂಬಿದ್ದರು. ಎರಡೂ ಹೆಜ್ಜೆಗಳನ್ನು ಒಂದೇ ಜೀವಿ ಮುಗಿಸಬಲ್ಲದೆಂದು, ಅದೂ ನೈಟ್ರೊಸ್ಪೈರಾದಲ್ಲಿಯೇ, ಗೊತ್ತಾದದ್ದು 2015ರಲ್ಲಿ. ಇವುಗಳಿಗೆ ಆಮ್ಲಜನಕ ಬೇಕೇ ಬೇಕು: 1 ಗ್ರಾಂ ಅಮೋನಿಯ ಸಾರಜನಕ ನೈಟ್ರೇಟ್ ಆಗಲು ಸುಮಾರು 4.57 ಗ್ರಾಂ. ಇವು ಬೆಳೆಯುವುದೂ ಬಹಳ ನಿಧಾನ. ಕೊಳೆ ತಿನ್ನುವ ಜೀವಿಗಳು ಗಂಟೆಗಳಲ್ಲಿ ಇಮ್ಮಡಿಯಾದರೆ ಇವುಗಳಿಗೆ ದಿನವೇ ಬೇಕು. ಹಾಗಾಗಿ ಆಮ್ಲಜನಕದ ಪಂಕ್ತಿಯಲ್ಲಿ ಇವು ಯಾವಾಗಲೂ ಕೊನೆಯ ಎಲೆಗೆ ಕೂರುತ್ತವೆ.

ಈಗ ತಮ್ಮ ಅಂಕಿಗಳನ್ನೇ ಹಿಡಿದು ಲೆಕ್ಕ ಹಾಕೋಣ. 15,000 ಲೀಟರ್ ನೀರಿನಲ್ಲಿ ಲೀಟರಿಗೆ 40 ಮಿಲಿಗ್ರಾಂ ಎಂದರೆ ದಿನಕ್ಕೆ 600 ಗ್ರಾಂ ಸಾರಜನಕ, ಅದಕ್ಕೆ ಬೇಕಾದ ಆಮ್ಲಜನಕ ಸುಮಾರು 2.7 ಕಿಲೋ. ಬಿಒಡಿಯ ಬೇಡಿಕೆ ಇನ್ನೂ 2.25 ಕಿಲೋ. ಒಟ್ಟು ಸುಮಾರು 5 ಕಿಲೋ ಆಮ್ಲಜನಕವನ್ನು 72 ಚದರ ಮೀಟರಿನ ಪಾತಿ ಒದಗಿಸಬೇಕಾದರೆ ಪ್ರತಿ ಚದರ ಮೀಟರಿಗೆ ದಿನಕ್ಕೆ 70 ಗ್ರಾಂನಷ್ಟು ಒಳಗಿಳಿಯಬೇಕು. ಸದಾ ನೀರು ತುಂಬಿಕೊಂಡೇ ಇರುವ, ಅಡ್ಡ ಹರಿವಿನ ಪಾತಿಗೆ ಮೇಲಿನಿಂದಲೂ ಬೇರಿನಿಂದಲೂ ಇಳಿಯುವುದು ಕೆಲವೇ ಗ್ರಾಂ. ಜೊತೆಗೆ ಕಲ್ಲುಗಳ ನಡುವಿನ ಖಾಲಿ ಜಾಗವಷ್ಟೇ ನೀರಿಗೆ ಉಳಿಯುವುದರಿಂದ ತಮ್ಮ ಪಾತಿಯಲ್ಲಿ ನೀರು ತಂಗುವುದು ಹೆಚ್ಚೆಂದರೆ ಒಂದು ದಿನ. ತಮಗೆ ಪಾತಿ ಕಟ್ಟಿಕೊಟ್ಟವರು ಈ ಲೆಕ್ಕ ಮಾಡಿಲ್ಲವೆಂದು ಕಾಣುತ್ತದೆ.

ನೈಟ್ರೇಟ್ ಕಡಿಮೆ ಇರುವುದನ್ನು ತಾವು ಸಮಾಧಾನವೆಂದು ಬರೆದಿದ್ದೀರಿ. ವರದಿಯಲ್ಲಿ ನನ್ನನ್ನು ಹೆಚ್ಚು ಯೋಚಿಸುವಂತೆ ಮಾಡಿದ್ದು ಅದೇ ಅಂಕಿ. ನೈಟ್ರೇಟ್ ಹುಟ್ಟಿ ಆಮೇಲೆ ಕರಗಿಹೋಗಿದ್ದರೆ ಅಮೋನಿಯ ಕಡಿಮೆಯಾಗಿರಬೇಕಿತ್ತು. ಇಲ್ಲಿ ನೈಟ್ರೇಟ್ ಹುಟ್ಟಿಯೇ ಇಲ್ಲ. ಹುಟ್ಟಿದ್ದರೆ, ಸ್ಯೂಡೊಮೊನಾಸ್, ಪ್ಯಾರಾಕಾಕಸ್ ಮೊದಲಾದ ಇನ್ನೊಂದು ಬಳಗ ಆಮ್ಲಜನಕವಿಲ್ಲದ ಜಾಗದಲ್ಲಿ ಅದನ್ನೇ ಉಸಿರಾಟಕ್ಕೆ ಬಳಸಿ ಸಾರಜನಕ ಅನಿಲವನ್ನಾಗಿ ಮಾಡಿ ಗಾಳಿಗೆ ಬಿಟ್ಟುಬಿಡುತ್ತಿತ್ತು. ಇದನ್ನು ವಿನೈಟ್ರೀಕರಣ ಎನ್ನುತ್ತಾರೆ. ನೀರಿನಿಂದ ಸಾರಜನಕ ನಿಜವಾಗಿ ತೊಲಗುವುದು ಬಹುಪಾಲು ಈ ಹೆಜ್ಜೆಯಲ್ಲಿ.

ಭತ್ತ ಬೆಳೆಯುವವರಿಗೆ ಈ ಕಥೆ ಬೇರೆ ರೂಪದಲ್ಲಿ ಗೊತ್ತು. ನೀರು ನಿಂತ ಗದ್ದೆಯ ಮೇಲೆ ಎರಚಿದ ಯೂರಿಯಾದಲ್ಲಿ ಒಂದು ಪಾಲು ಮೇಲ್ಮೈಯ ತೆಳುವಾದ ಆಮ್ಲಜನಕದ ಪದರದಲ್ಲಿ ನೈಟ್ರೇಟ್ ಆಗಿ, ಕೆಳಗಿನ ಕಪ್ಪು ಕೆಸರಿಗೆ ಇಳಿದು, ಅಲ್ಲಿ ಅನಿಲವಾಗಿ ಹಾರಿಹೋಗುತ್ತದೆ. ರೈತನಿಗೆ ಅದು ನಷ್ಟ. ಕೊಳಚೆ ನೀರು ಶುದ್ಧಮಾಡುವ ನಮಗೆ ಬೇಕಾಗಿರುವುದೇ ಆ ನಷ್ಟ. ಮೊದಲು ಗಾಳಿ ಇರುವ ಜಾಗ, ಆಮೇಲೆ ಗಾಳಿ ಇಲ್ಲದ ಜಾಗ, ಹೀಗೆ ಎರಡನ್ನೂ ನೀರು ಹಾದುಹೋಗುವಂತೆ ಕಟ್ಟುವುದರಲ್ಲಿಯೇ ಇಡೀ ವಿದ್ಯೆ ಇದೆ.

ಇನ್ನು ಗಿಡಗಳ ವಿಷಯ. ಗಿಡ ಬೇಕು, ಆದರೆ ಹಿರಿಯರು ಎಣಿಸಿದ ಕಾರಣಕ್ಕಲ್ಲ. ಹುಲುಸಾಗಿ ಬೆಳೆದ ಜೊಂಡನ್ನು ಕೊಯ್ದು ಹೊರಹಾಕಿದರೆ ಚದರ ಮೀಟರಿಗೆ ವರ್ಷಕ್ಕೆ 50 ಗ್ರಾಂ ಸಾರಜನಕ ಹೋಗುತ್ತದೆಂದು ಇಟ್ಟುಕೊಳ್ಳೋಣ. ತಮ್ಮ ಪಾತಿಯಿಂದ 3.6 ಕಿಲೋ ಆಯಿತು. ಒಳಬರುತ್ತಿರುವುದು ವರ್ಷಕ್ಕೆ 219 ಕಿಲೋ. ಗಿಡದ ದೊಡ್ಡ ಉಪಕಾರವೆಂದರೆ ಬೇರಿನ ಮೈಯನ್ನು ಜೀವಿಗಳಿಗೆ ನೆಲೆಯಾಗಿ ಕೊಡುವುದು, ಬೇರಿನಿಂದ ಜಿನುಗುವ ಸಕ್ಕರೆಯನ್ನು ಉಣಿಸುವುದು, ಬೇರಿನ ಸುತ್ತ ಒಂದೆರಡು ಮಿಲಿಮೀಟರಿನಷ್ಟು ಜಾಗಕ್ಕೆ ಆಮ್ಲಜನಕ ಸೋರಿಸುವುದು.

ಈ ವಿಷಯದಲ್ಲಿ ತಪ್ಪು ಲೆಕ್ಕ ಹಾಕಿದವರಲ್ಲಿ ತಾವೇ ಮೊದಲಿಗರಲ್ಲ. ಜರ್ಮನಿಯಲ್ಲಿ ಕ್ಯಾಥೆ ಸೈಡೆಲ್ 1950ರ ದಶಕದಲ್ಲಿ ಗಿಡಗಳ ನೆರವಿನಿಂದ ಕೊಳಚೆ ನೀರು ಶುದ್ಧಮಾಡುವ ಪ್ರಯೋಗಗಳನ್ನು ಆರಂಭಿಸಿದ ಮೇಲೆ, ರೈನ್‌ಹೋಲ್ಡ್ ಕಿಕುತ್ ಜಲ್ಲಿಯ ಬದಲು ಜೇಡಿ ಮಣ್ಣನ್ನೇ ತುಂಬಿದ ಪಾತಿಗಳನ್ನು ರೂಪಿಸಿದರು. 1974ರಲ್ಲಿ ಓತ್‌ಫ್ರೆಸೆನ್ ಎಂಬಲ್ಲಿ ಅಂಥದೊಂದು ಕೆಲಸ ಶುರುಮಾಡಿತು. ಬೇರುಗಳು ಮಣ್ಣನ್ನು ಸಡಿಲಗೊಳಿಸಿ ನೀರಿಗೆ ದಾರಿ ಮಾಡುತ್ತವೆ, ಗಾಳಿಯನ್ನೂ ಇಳಿಸುತ್ತವೆ ಎಂಬ ನಂಬಿಕೆ ಅದರ ಹಿಂದಿತ್ತು. ಅದನ್ನು ನೋಡಿ ಡೆನ್ಮಾರ್ಕಿನಲ್ಲಿ ಕಟ್ಟಿದ ಮಣ್ಣಿನ ಪಾತಿಗಳಲ್ಲಿ ನೀರು ಒಳಗಿಳಿಯದೆ ಮೇಲ್ಮೈಯಲ್ಲಿಯೇ ಹರಿದುಹೋಯಿತು. ಒರಟು ಮರಳು ಮತ್ತು ಜಲ್ಲಿ ಬಳಕೆಗೆ ಬಂದದ್ದರ ಹಿಂದೆ ಈ ಅನುಭವವಿದೆ.

ತಮಗೆ ನನ್ನ ಸಲಹೆ ಇಷ್ಟು: ಈಗಿನ ಪಾತಿಯನ್ನು ಎರಡನೆಯ ಹಂತವಾಗಿ ಉಳಿಸಿಕೊಂಡು, ಸೆಪ್ಟಿಕ್ ಟ್ಯಾಂಕಿಗೂ ಅದಕ್ಕೂ ನಡುವೆ ಲಂಬ ಹರಿವಿನ ಮರಳಿನ ಪಾತಿಯೊಂದನ್ನು ಕಟ್ಟಿ. ಅದಕ್ಕೆ ನೀರನ್ನು ಸದಾ ಬಿಡದೆ, ದಿನಕ್ಕೆ ಆರೆಂಟು ಸಲ ಒಟ್ಟಿಗೆ ಮೇಲಿನಿಂದ ಸುರಿಯಬೇಕು. ನೀರು ಇಳಿದುಹೋಗುವಾಗ ಅದರ ಹಿಂದೆಯೇ ಗಾಳಿ ಒಳಗೆ ಎಳೆದುಕೊಂಡು ಹೋಗುತ್ತದೆ, ಲೋಳೆಯಲ್ಲಿರುವ ನೈಟ್ರೀಕಾರಕಗಳು ಉಸಿರಾಡುತ್ತವೆ. ನಮ್ಮಂಥ ಬಿಸಿ ಹವೆಯಲ್ಲಿಯೂ ಇಂಥ ಪಾತಿಗೆ ತಲೆಗೆ ಒಂದರಿಂದ ಎರಡು ಚದರ ಮೀಟರ್ ಜಾಗ ಬೇಕು. ತಮ್ಮಲ್ಲಿ ಈಗ ಇರುವುದು ತಲೆಗೆ 0.36. ನೈಟ್ರೇಟ್ ತುಂಬಿದ ಆ ನೀರಿನ ಒಂದು ಪಾಲನ್ನು ಸೆಪ್ಟಿಕ್ ಟ್ಯಾಂಕಿಗೆ ಹಿಂದಿರುಗಿಸಿದರೆ ಅಲ್ಲಿನ ಕೊಳೆಯನ್ನೇ ತಿಂದು ವಿನೈಟ್ರೀಕಾರಕಗಳು ನೈಟ್ರೇಟನ್ನು ಮುಗಿಸುತ್ತವೆ. ಉಳಿದದ್ದರಲ್ಲಿ ಒಂದು ಪಾಲು ತಮ್ಮ ಹಳೆಯ ಪಾತಿಯಲ್ಲಿ ಮುಗಿಯುತ್ತದೆ.

ಉತ್ತರ: ಅತಿಥಿಗೃಹ ನಡೆಸುವವರು, ಉಡುಪಿ ಜಿಲ್ಲೆ

ಮೇಡಂ ಅವರು ಬರೆದಿರುವುದಕ್ಕೆ ನಮ್ಮ ಅನುಭವದ ಒಂದೆರಡು ಮಾತು ಸೇರಿಸುತ್ತೇನೆ. ನಮ್ಮಲ್ಲಿ ಲಂಬ ಹರಿವಿನ ಪಾತಿಯೇ ಇದೆ, ಮೂರು ತುಂಡುಗಳಾಗಿ. ಫ್ರಾನ್ಸಿನಲ್ಲಿ ಹಳ್ಳಿಗಳ ಕೊಳಚೆ ನೀರನ್ನು ಸೆಪ್ಟಿಕ್ ಟ್ಯಾಂಕ್ ಕೂಡ ಇಲ್ಲದೆ ನೇರವಾಗಿ ಇಂಥ ಪಾತಿಗಳಿಗೆ ಬಿಡುತ್ತಾರೆ, ಒಂದಕ್ಕೆ ಮೂರೂವರೆ ದಿನ ನೀರುಣಿಸಿ ಏಳು ದಿನ ವಿಶ್ರಾಂತಿ ಕೊಡುತ್ತಾರೆ ಎಂದು ತಿಳಿದು ನಾವೂ ಹಾಗೆಯೇ ಸರದಿ ಇಟ್ಟುಕೊಂಡೆವು. ವಿಶ್ರಾಂತಿಯ ದಿನಗಳಲ್ಲಿ ಮೇಲಿನ ಲೋಳೆ ಒಣಗಿ, ಸಿಪ್ಪೆಯಂತೆ ಸುರುಳಿಯಾಗಿ ಏಳುತ್ತದೆ. ತಿನ್ನಲು ಹೊಸ ಕೊಳೆ ಬಾರದಿದ್ದಾಗ ಜೀವಿಗಳು ಕೂಡಿಟ್ಟದ್ದನ್ನೇ ತಿಂದು ಮುಗಿಸುತ್ತವೆ, ಎರೆಹುಳುಗಳೂ ಬರುತ್ತವೆ, ಮತ್ತೆ ನೀರು ಬಿಟ್ಟಾಗ ಸರಾಗವಾಗಿ ಇಳಿಯುತ್ತದೆ. ನಿಮ್ಮಲ್ಲಿ ನೀರು ಮೇಲೆ ನಿಲ್ಲುತ್ತಿರುವುದಕ್ಕೆ ವಿಶ್ರಾಂತಿ ಇಲ್ಲದಿರುವುದೂ ಒಂದು ಕಾರಣವಿರಬಹುದು. ಟ್ಯಾಂಕಿನ ಕೆಸರನ್ನು ಕೊನೆಯ ಸಲ ಯಾವಾಗ ತೆಗೆಸಿದಿರಿ ಎಂಬುದನ್ನೂ ನೋಡಿಕೊಳ್ಳಿ.

ನಮಗೆ ಬಂದ ತೊಂದರೆ ಬೇರೆ. ಮೊದಲ ಮಳೆಗಾಲದಲ್ಲಿ ಅಮೋನಿಯ ಚೆನ್ನಾಗಿಯೇ ಇಳಿಯುತ್ತಿತ್ತು, ಆಮೇಲೆ ಥಟ್ಟನೆ ನಿಂತಿತು. ಪಿಎಚ್ ನೋಡಿದರೆ 6ಕ್ಕೂ ಕೆಳಗೆ ಹೋಗಿತ್ತು. ನೈಟ್ರೀಕರಣದಲ್ಲಿ ಆಮ್ಲ ಹುಟ್ಟುತ್ತದೆ. 1 ಗ್ರಾಂ ಅಮೋನಿಯ ಸಾರಜನಕಕ್ಕೆ 7 ಗ್ರಾಂಗೂ ಮಿಕ್ಕಿ ಸುಣ್ಣದ ಕಲ್ಲಿಗೆ (ಕ್ಯಾಲ್ಸಿಯಂ ಕಾರ್ಬೊನೇಟ್) ಸಮನಾದ ಕ್ಷಾರ ಖರ್ಚಾಗುತ್ತದೆ. ನಮ್ಮ ಬಾವಿಯ ನೀರು ಬಹಳ ಮೆದು, ಅದರಲ್ಲಿ ಅಷ್ಟು ಕ್ಷಾರವೇ ಇರಲಿಲ್ಲ. ಜೀವಿಗಳು ತಾವೇ ಹುಟ್ಟಿಸಿದ ಆಮ್ಲದಲ್ಲಿ ಸಿಕ್ಕಿಕೊಂಡಿದ್ದವು. ಹೊಳೆಯಿಂದ ತಂದ ಚಿಪ್ಪುಗಳನ್ನು ತೊಳೆದು, ಜಜ್ಜಿ, ಮರಳಿನ ಮೇಲೆ ನಾಲ್ಕು ಬೆರಳಿನಷ್ಟು ದಪ್ಪಕ್ಕೆ ಹರಡಿದೆವು. ಐದಾರು ವಾರಗಳಲ್ಲಿ ಪಿಎಚ್ 7 ದಾಟಿ, ಅಮೋನಿಯ ಮತ್ತೆ ಇಳಿಯತೊಡಗಿತು. ತುಮಕೂರಿನ ಕಡೆ ಬೋರ್‌ವೆಲ್ ನೀರು ಗಡಸಾಗಿರುವುದರಿಂದ ನಿಮಗೆ ಈ ಕಷ್ಟ ಬರಲಾರದು, ಆದರೂ ಒಮ್ಮೆ ಕ್ಷಾರೀಯತೆಯನ್ನು ಪರೀಕ್ಷಿಸಿ. ಗಡಸು ನೀರಿಗೆ ಇನ್ನೊಂದು ಗುಣವೂ ಉಂಟು: ಅದರಲ್ಲಿ ಸಲ್ಫೇಟ್ ಹೆಚ್ಚಿದ್ದರೆ ಗಾಳಿಯಿಲ್ಲದ ಪಾತಿಯಲ್ಲಿ ಅದನ್ನೇ ಉಸಿರಾಡುವ ಬ್ಯಾಕ್ಟೀರಿಯಾಗಳು ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೊಜನ್ ಸಲ್ಫೈಡ್ ಮಾಡುತ್ತವೆ.

ಇನ್ನೊಂದು ಮಾತು, ದಯವಿಟ್ಟು ಇದನ್ನು ಮರೆಯಬೇಡಿ. ಶೌಚಾಲಯ ತೊಳೆಯಲು ಫಿನೈಲ್, ಆ್ಯಸಿಡ್, ಬ್ಲೀಚಿಂಗ್ ಪುಡಿಗಳನ್ನು ಒಂದೇ ದಿನ ಧಾರಾಳವಾಗಿ ಸುರಿದರೆ ಮೊದಲು ಸಾಯುವುದು ಈ ನಿಧಾನದ ನೈಟ್ರೀಕಾರಕಗಳೇ. ಅವು ಮತ್ತೆ ತುಂಬಿಕೊಳ್ಳಲು ವಾರಗಳು ಹಿಡಿಯುತ್ತವೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಮನಸಾರೆ ಧನ್ಯವಾದಗಳು. ನಿನ್ನೆ ಭಾನುವಾರ ಒಂಬತ್ತನೇ ತರಗತಿಯ ನಾಲ್ವರು ಮಕ್ಕಳು ದೂರದಲ್ಲಿ ನಿಂತು ನೋಡುತ್ತಿರುವಾಗ, ಕೈಗವಸು ತೊಟ್ಟು ಪಾತಿಯನ್ನು ಎರಡು ಕಡೆ ಅಗೆದು ನೋಡಿದೆ. ನೀರು ಒಳಬರುವ ತುದಿಯಲ್ಲಿ ಒಂದು ಗೇಣು ಆಳದ ಕಲ್ಲುಗಳು ಕಾಡಿಗೆ ಹಚ್ಚಿದಷ್ಟು ಕಪ್ಪಾಗಿದ್ದವು, ನಡುವೆ ಬೂದು ಬಣ್ಣದ ಕೆಸರು ಇಡುಕಿರಿದಿತ್ತು. ಹೊರಹೋಗುವ ತುದಿಯ ಕಲ್ಲುಗಳು ಬೂದು ಬಣ್ಣಕ್ಕಿದ್ದವು. ಒಂದು ಕಪ್ಪು ಕಲ್ಲನ್ನು ಕಟ್ಟೆಯ ಮೇಲೆ ಇಟ್ಟು ಸಂಜೆ ನೋಡಿದರೆ, ಮೇಲ್ಮೈ ತುಕ್ಕಿನ ಕಂದು ಬಣ್ಣಕ್ಕೆ ತಿರುಗಿತ್ತು. ಕಾಬಾಳೆಯ ಬೇರನ್ನು ಕಿತ್ತು ತೊಳೆದಾಗ ಹೊಸ ಬೇರುಗಳ ತುದಿಯಲ್ಲಿ ಕೆಂಪು ಮಿಶ್ರಿತ ಕಂದು ಲೇಪ ಕಂಡಿತು. ಮಕ್ಕಳಲ್ಲೊಬ್ಬಳು, ನಮ್ಮ ಗದ್ದೆಯ ಪೈರು ಕಿತ್ತರೂ ಬೇರು ಹೀಗೇ ಇರುತ್ತದೆ ಎಂದು ಹೇಳಿದಳು.

ಸೆಪ್ಟಿಕ್ ಟ್ಯಾಂಕಿನ ಕೆಸರನ್ನು ಕಟ್ಟಿಸಿದಂದಿನಿಂದ ಒಮ್ಮೆಯೂ ತೆಗೆಸಿಲ್ಲವೆಂಬುದು ವಿಚಾರಿಸಿದಾಗ ತಿಳಿಯಿತು. ಪ್ರತಿ ಶನಿವಾರ ಶೌಚಾಲಯಗಳಿಗೆ ಆ್ಯಸಿಡ್ ಹಾಕುತ್ತಿರುವುದೂ ನಿಜ. ಎರಡನ್ನೂ ಈ ವಾರವೇ ಸರಿಪಡಿಸುತ್ತೇವೆ. ಅಡುಗೆಮನೆಯ ಹಿಂದೆ ಸುಮಾರು ಎರಡು ಮೀಟರ್ ಇಳಿಜಾರು ಇರುವುದರಿಂದ ಕರೆಂಟಿಲ್ಲದೆ ಸೈಫನ್‌ನಿಂದಲೇ ನೀರು ಸುರಿಸಬಹುದೆಂದು ತೋರುತ್ತದೆ. ಆದರೆ ಸಮಿತಿಯಲ್ಲಿ ಒಂದು ಪ್ರಶ್ನೆ ಬಂದಿದೆ: ನೀರು ಹೋಗುವುದು ತೆಂಗಿಗೆ, ಸಾರಜನಕ ತೆಂಗಿಗೆ ಗೊಬ್ಬರ, ಹಾಗಿರುವಾಗ ಇಷ್ಟು ಖರ್ಚು ಮಾಡಿ ಅದನ್ನು ತೆಗೆಯುವುದೇಕೆ? ನಮ್ಮಲ್ಲಿ 60 ತೆಂಗಿನ ಮರಗಳಿವೆ.

ಉತ್ತರ: ಕೆರೆ ಸಂರಕ್ಷಣೆಯ ಕಾರ್ಯಕರ್ತರು, ಬೆಂಗಳೂರು

ಸಾರಜನಕದ ಲೆಕ್ಕವನ್ನು ಮೇಡಂ ಅವರಿಗೇ ಬಿಡುತ್ತೇನೆ. ಫಾಸ್ಫರಸ್ ಬಗ್ಗೆ ಯಾರೂ ಹೇಳಲಿಲ್ಲವಾದ್ದರಿಂದ ಈ ಮಾತು. ಉತ್ತರ ಬೆಂಗಳೂರಿನ ಜಕ್ಕೂರು ಕೆರೆಗೆ ಕೊಳಚೆ ನೀರು ಶುದ್ಧೀಕರಣ ಘಟಕದ ನೀರು ನೇರವಾಗಿ ಬೀಳದೆ, ಜೊಂಡು ಬೆಳೆದ ನಿರ್ಮಿತ ಜೌಗಿನ ಮೂಲಕ ಹಾದು ಬರುತ್ತದೆ. ಆ ಜೌಗಿನ ಕೆಸರಿನ ಸೂಕ್ಷ್ಮಾಣುಗಳು ಸಾರಜನಕವನ್ನು ಗಾಳಿಗೆ ಕಳುಹಿಸಬಲ್ಲವು, ಫಾಸ್ಫರಸ್ಸನ್ನು ಹಾಗೆ ಕಳುಹಿಸಲಾರವು. ಅವು ಅದನ್ನು ತಮ್ಮ ಮೈಯಲ್ಲಿ ಕೆಲಕಾಲ ಹಿಡಿದಿಟ್ಟುಕೊಂಡು, ಸತ್ತ ಮೇಲೆ ಮತ್ತೆ ನೀರಿಗೇ ಬಿಡುತ್ತವೆ. ಹೆಚ್ಚು ಕಾಲ ಹಿಡಿದಿಡುವುದು ಮಣ್ಣಿನ ಕಬ್ಬಿಣ, ಅಲ್ಯೂಮಿನಿಯಂ ಮತ್ತು ಸುಣ್ಣ. ಅದಕ್ಕೂ ಮಿತಿಯಿದೆ, ವರ್ಷಗಳಲ್ಲಿ ತುಂಬಿಹೋಗುತ್ತದೆ. ಆಮ್ಲಜನಕ ಪೂರ್ತಿ ಮುಗಿದರೆ ಕಬ್ಬಿಣವನ್ನು ಉಸಿರಾಡುವ ಬ್ಯಾಕ್ಟೀರಿಯಾಗಳು ಅದನ್ನು ಕರಗಿಸಿಬಿಡುತ್ತವೆ, ಕಬ್ಬಿಣ ಹಿಡಿದುಕೊಂಡಿದ್ದ ಫಾಸ್ಫೇಟ್ ನೀರಿಗೆ ಮರಳುತ್ತದೆ. ಆದ್ದರಿಂದ ಕೆರೆಗೆ ಹೋಗುವ ನೀರಾದರೆ ಜೊಂಡನ್ನು ಕಾಲಕಾಲಕ್ಕೆ ಕೊಯ್ದು ಹೊರಗೆ ಸಾಗಿಸುವುದು, ಕೆಸರು ತೆಗೆಯುವುದು ಅನಿವಾರ್ಯ. ತಮ್ಮ ನೀರು ತೋಟಕ್ಕೆ ಹೋಗುವುದರಿಂದ ಫಾಸ್ಫರಸ್ ತಮಗೆ ಹೊರೆಯಲ್ಲ. ಆದರೆ ಹೆಚ್ಚಾದ ನೀರು ಊರ ಕೆರೆಯತ್ತ ಹರಿಯದಂತೆ ನೋಡಿಕೊಳ್ಳಿ.

ಉತ್ತರ: ಅಧ್ಯಾಪಕಿ, ಮೈಸೂರು

ತಾವು ಕಂಡ ಕಲ್ಲಿನ ಮೇಲಿನ ಕಪ್ಪು ಕಬ್ಬಿಣದ ಸಲ್ಫೈಡ್. ಗಾಳಿ ತಗುಲಿದಾಗ ಅದು ತುಕ್ಕಾಯಿತು. ಬೇರಿನ ತುದಿಯ ಕೆಂಪು ಲೇಪವೂ ತುಕ್ಕೇ, ಬೇರು ಸೋರಿಸಿದ ಆಮ್ಲಜನಕದಿಂದ ಆದದ್ದು. ಆ ಹುಡುಗಿ ಸರಿಯಾಗಿಯೇ ಗುರುತಿಸಿದ್ದಾಳೆ, ಅವಳಿಗೆ ನನ್ನ ಮೆಚ್ಚುಗೆ ತಿಳಿಸಿ.

ಸಮಿತಿಯ ಪ್ರಶ್ನೆ ನ್ಯಾಯವಾದದ್ದು. ಫಲ ಕೊಡುವ ಒಂದು ತೆಂಗಿನ ಮರಕ್ಕೆ ವರ್ಷಕ್ಕೆ 500 ಗ್ರಾಂ ಸಾರಜನಕ ಕೊಡಬೇಕೆಂಬುದು ನಮ್ಮಲ್ಲಿ ಸಾಮಾನ್ಯವಾಗಿ ಇರುವ ಶಿಫಾರಸು. 60 ಮರಗಳಿಗೆ 30 ಕಿಲೋ ಆಯಿತು. ವರ್ಷಪೂರ್ತಿ ಶಾಲೆ ನಡೆದರೆ ತಮ್ಮಲ್ಲಿ ಹೊರಬೀಳುವುದು 219 ಕಿಲೋ, ರಜೆಯ ದಿನಗಳನ್ನು ಕಳೆದರೂ 150 ಕಿಲೋಗೆ ಕಡಿಮೆಯಿಲ್ಲ. ಮರಗಳ ಬುಡಕ್ಕೆ ಬಿದ್ದ ಹೆಚ್ಚುವರಿ ಅಮೋನಿಯವನ್ನು ತೋಟದ ಮಣ್ಣಿನ ನೈಟ್ರೀಕಾರಕಗಳು, ಅಲ್ಲಿ ಗಾಳಿ ಧಾರಾಳವಾಗಿರುವುದರಿಂದ, ನೈಟ್ರೇಟ್ ಮಾಡಿಯೇ ಮಾಡುತ್ತವೆ. ನೈಟ್ರೇಟ್ ಮಣ್ಣಿಗೆ ಅಂಟಿಕೊಳ್ಳುವುದಿಲ್ಲ, ನೀರಿನ ಜೊತೆ ಕೆಳಗಿಳಿಯುತ್ತದೆ. ಅಂದರೆ ಪಾತಿಯಲ್ಲಿ ಆಗಬೇಕಾದ ಮೊದಲ ಹೆಜ್ಜೆ ತೋಟದಲ್ಲಿ ಆಗುತ್ತಿದೆ, ಎರಡನೆಯ ಹೆಜ್ಜೆಗೆ ಬೇಕಾದ ಗಾಳಿಯಿಲ್ಲದ ಜಾಗವೂ ಕೊಳೆಯ ಆಹಾರವೂ ಅಲ್ಲಿ ಸಾಕಷ್ಟು ಇಲ್ಲ.

ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು ಎಂಬುದು ಭಾರತೀಯ ಮಾನಕ. ಮಕ್ಕಳು ಕುಡಿಯುವ ಬೋರ್‌ವೆಲ್ ತೋಟದಿಂದ ಎಷ್ಟು ದೂರದಲ್ಲಿದೆ ಎಂದು ತಾವು ಬರೆದಿಲ್ಲ. ಹೊಸ ಪಾತಿಯ ಕೆಲಸ ಶುರುಮಾಡುವ ಮೊದಲೇ, ಸಾಧ್ಯವಾದರೆ ಈ ವಾರವೇ, ಆ ನೀರಿನ ನೈಟ್ರೇಟ್ ಪರೀಕ್ಷೆ ಮಾಡಿಸಿ, ಅಂಕಿಯನ್ನು ಇಲ್ಲಿ ತಿಳಿಸಿ. ಅದನ್ನು ನೋಡಿಕೊಂಡು ಲಂಬ ಪಾತಿಯ ಅಳತೆಯನ್ನೂ ಎಷ್ಟು ನೀರನ್ನು ಟ್ಯಾಂಕಿಗೆ ಹಿಂದಿರುಗಿಸಬೇಕೆಂಬುದನ್ನೂ ಕೂತು ಲೆಕ್ಕ ಹಾಕೋಣ.